ಯಾವ ಸಂಪುಟ, ಯಾವ ಪುಟ?



ಉದ್ದ ಪೋಸ್ಟ್ ಇದು. ಊಟ ಆದಮೇಲೆ ಓದ್ರಿ, ಆದರೆ ಪೂರ್ತಿ ಓದ್ರಿ. ನನ್ನದೇ ಒಂದು ತಪ್ಪಿನ ಬಗ್ಗೆ ಬರೀತಾ ಇದೀನಿ. ಆ ತಪ್ಪು ಹಿಡಿದದ್ದು ಯಾವ ಪ್ರೊಫೆಸರೂ ಅಲ್ಲ, ನಮ್ಮ ವಿರೋಧಿಗಳೂ ಅಲ್ಲ. ಖಾನಾಪುರ ತಾಲೂಕಿನ ಒಂದು ಗ್ರಾಮ ಪಂಚಾಯಿತಿಯ ಲೈಬ್ರರಿ ನೋಡಿಕೊಳ್ಳುವ ಹೆಣ್ಣುಮಗಳು. ಊರಿನ ಹೆಸರು, ಆಕೆಯ ಹೆಸರು ಬರೆಯಲ್ಲ. ಗೌರವಧನದ ಮೇಲೆ ದುಡಿಯೋ ಜೀವ, ನನ್ನ ಪೋಸ್ಟಿನಿಂದ ಆಕೆಗೆ ತೊಂದರೆ ಆಗೋದು ಬೇಡ. ನಾನು ಆಕೆಯನ್ನು ತಂಗಿ ಅಂತೀನಿ, ಆಕೆ ನನ್ನನ್ನು ಅಕ್ಕಾರ ಅಂತಾಳೆ. ಇಲ್ಲೂ ಹಾಗೇ ಕರೀತೀನಿ.

ಮೊದಲು ಒಂದು ಹಳೇ ಕಥೆ ಹೇಳಬೇಕು. ಅದಿಲ್ಲದೆ ಇದು ಅರ್ಥ ಆಗಲ್ಲ.

ಅದು 1991. ಬಾಬಾಸಾಹೇಬರ ಜನ್ಮಶತಮಾನೋತ್ಸವದ ವರ್ಷ. ನಾನು ಏಳನೇ ಇಯತ್ತೆ. ಅಪ್ಪ ಖಾನಾಪುರದ ಹಂಚಿನ ಭಟ್ಟಿಯಲ್ಲಿ ಕೂಲಿ. ಖಾನಾಪುರದ ಹಂಚು ಗೊತ್ತಲ್ಲ, ನಮ್ಮ ಕಡೆ ಎಷ್ಟೋ ಮನೆಗಳ ಮೇಲೆ ಅದೇ ಹಂಚು. ಆ ಹಂಚು ಹೊತ್ತವರ ಮನೆ ಮೇಲೆ ಮಾತ್ರ ತಗಡು. ಶಾಲೆಯಲ್ಲಿ ಮಾಸ್ತರರು ಹೇಳಿದರು, ಲೈಬ್ರರಿಗೆ ಸದಸ್ಯರಾದರೆ ಪುಸ್ತಕ ಮನೆಗೇ ಕೊಡ್ತಾರೆ ಅಂತ. ಅಪ್ಪ ಅವತ್ತು ಅರ್ಧ ದಿನದ ಪಗಾರ ಬಿಟ್ಟು, ತೊಳೆದ ಅಂಗಿ ಹಾಕಿಕೊಂಡು, ನನ್ನ ಕೈ ಹಿಡ್ಕೊಂಡು ಕರ್ಕೊಂಡು ಹೋದ. ಯಾವ ಲೈಬ್ರರಿ ಅಂತ ಕೇಳಬೇಡಿ. ಅಲ್ಲಿದ್ದವರು ಕೆಟ್ಟವರೇನೂ ಅಲ್ಲ. ಒಂದು ಫಾರ್ಮ್ ಕೊಟ್ಟರು. ಠೇವಣಿ ಇಷ್ಟು. ಅದರ ಕೆಳಗೆ ಒಂದು ಗೆರೆ, ಜಾಮೀನುದಾರರ ಸಹಿ. ಮನೆ ಕರ ಕಟ್ಟುವವರು ಇಲ್ಲಾ ದೊಡ್ಡ ನೌಕರಿಯಲ್ಲಿ ಇರುವವರು ಮಾಡಬೇಕು.

ನಮ್ಮ ಮನೆಗೆ ಉತಾರ ಇರಲಿಲ್ಲ. ಉತಾರ ಇಲ್ಲದ ಮನೆಗೆ ಕರ ಇಲ್ಲ, ಕರ ಇಲ್ಲದವನ ಸಹಿಗೆ ಕಿಮ್ಮತ್ತು ಇಲ್ಲ. ಅಪ್ಪ ಫಾರ್ಮ್ ಮಡಚಿ ಜೇಬಿಗೆ ಇಟ್ಕೊಂಡು ಭಟ್ಟಿ ಮಾಲೀಕರ ಹತ್ತಿರ ಹೋದ. ಅವರು ಸಿಟ್ಟಾಗಲಿಲ್ಲ, ನಕ್ಕರು. "ಪುಸ್ತಕ ಕಳದ್ರ ಯಾರ್ ಕೊಡ್ತಾರೋ?" ಅಂದರು. ಊರಲ್ಲಿ ಮತ್ತಿಬ್ಬರನ್ನು ಕೇಳಿದ. ಒಬ್ಬರು ನಾಳೆ ಅಂದರು. ಆ ನಾಳೆ ಬರಲಿಲ್ಲ. ಫಾರ್ಮ್ ಮಡಿಕೆಯಲ್ಲೇ ಹರಿದು ಹೋಯಿತು.

ನಾನು ಪೇಪರ್ ಓದೋಕೆ ಮಾತ್ರ ಹೋಗ್ತಿದ್ದೆ. ಅದಕ್ಕೆ ಸಹಿ ಬೇಡ. ಪುಸ್ತಕಗಳು ಗಾಜಿನ ಕಪಾಟಿನಲ್ಲಿ, ಕೀಲಿ ಒಳಗೆ. ಬೆನ್ನಿನ ಮೇಲಿನ ಹೆಸರುಗಳನ್ನು ಹೊರಗಿಂದ ಓದಿ ಓದಿ ಬಾಯಿಪಾಠ ಆಗಿತ್ತು. ಬಾಬಾಸಾಹೇಬರ ಬರಹ ಕೈಗೆ ಸಿಕ್ಕಿದ್ದು ಬಿ.ಎ. ಓದೋಕೆ ಬೆಳಗಾವಿಗೆ ಬಂದು ಹಾಸ್ಟೆಲ್ ಸೇರಿದ ಮೇಲೆ. ಗೆಳತಿಯೊಬ್ಬಳ ಟ್ರಂಕಿನಲ್ಲಿತ್ತು.

ಈಗ 2020ಕ್ಕೆ ಬರ್ತೀನಿ. ಆ ವರ್ಷ ಸರ್ಕಾರ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಶುರು ಮಾಡಿತು. ಮೊಬೈಲ್ ನಂಬರ್ ಹಾಕಿ ಹೆಸರು ನೋಂದಾಯಿಸಿದರೆ ಆಯ್ತು, ಸದಸ್ಯರು. ಆಫೀಸಿನಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ನಾನು ನೋಂದಣಿ ಮಾಡಿಕೊಂಡೆ. ಎರಡು ನಿಮಿಷ ಆಗಿರಬಹುದು. ಜಾಮೀನು ಎಲ್ಲಿ ಕೇಳ್ತಾರೆ ಅಂತ ಪರದೆಯನ್ನು ಕೆಳಗಿನವರೆಗೂ ಜಾರಿಸಿ ಹುಡುಕಿದೆ. ಎಲ್ಲೂ ಇರಲಿಲ್ಲ. ಡಬ್ಬಿ ಮುಚ್ಚಿ ಸುಮ್ಮನೆ ಕೂತೆ. ಪಕ್ಕದ ಟೇಬಲಿನವರು "ಏನ್ರಿ ಮೇಡಂ, ಊಟ ಸೇರಲಿಲ್ಲೇನು?" ಅಂದರು. ಏನಂತ ಹೇಳಲಿ?

ಅವತ್ತು ನಾನು ಅಂದುಕೊಂಡೆ, ಇಂಟರ್ನೆಟ್ಟಿಗೆ ಜಾತಿ ಇಲ್ಲ, ಬಾಗಿಲು ತೆರೀತು ಅಂತ. ಅದು ಅರ್ಧ ಸತ್ಯ ಅಂತ ತೋರಿಸಿಕೊಟ್ಟವಳು ತಂಗಿ.

ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಲೈಬ್ರರಿಗಳು 5,600ಕ್ಕೂ ಹೆಚ್ಚು. 2019ರಲ್ಲಿ ಇವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ 'ಓದುವ ಬೆಳಕು' ಅಂತ ಕಾರ್ಯಕ್ರಮ ಬಂತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಈಗ ಬೋರ್ಡಿನ ಮೇಲೆ ಅರಿವು ಕೇಂದ್ರ ಅಂತ ಇದೆ. ಜನ ಈಗಲೂ ಲೈಬ್ರರಿ ಅಂತಲೇ ಕರೀತಾರೆ.

ತಂಗಿಯ ಲೈಬ್ರರಿ ಅಂದರೆ ಒಂದು ಕೋಣೆ, ನಾಲ್ಕು ಕಪಾಟು, ಒಂದು ಕಂಪ್ಯೂಟರ್. ಆಕೆಯ ಅಸಲಿ ಲೈಬ್ರರಿ ಇರೋದು ಆಕೆಯ ಫೋನಿನಲ್ಲಿ. ವಾಟ್ಸಾಪ್ ಗ್ರೂಪ್ ಮಾಡಿದಾಳೆ. ಬೆಳಗ್ಗೆ ಪೇಪರ್ ಬಂದ ಕೂಡಲೇ ಉದ್ಯೋಗದ ಜಾಹೀರಾತು, ಸ್ಕಾಲರ್‌ಶಿಪ್ಪಿನ ಕೊನೇ ದಿನಾಂಕ ಏನಿದ್ರೂ ಅದರಲ್ಲಿ ಹಾಕ್ತಾಳೆ. ಸುಮ್ಮನೆ ಫೋಟೋ ಎಸೆಯಲ್ಲ. ಕೆಳಗೆ ಎರಡು ಸಾಲು ಬರೀತಾಳೆ: ಯಾರಿಗೆ ಬರುತ್ತೆ, ಯಾವ ಕಾಗದ ಬೇಕು, ಜಾತಿ ಪ್ರಮಾಣಪತ್ರ ಹಳೇದಿದ್ರೆ ಇವತ್ತೇ ಅರ್ಜಿ ಹಾಕ್ರಿ. ಹೊಸ ಪುಸ್ತಕ ಬಂದ್ರೆ ಮುಖಪುಟವನ್ನು ಸ್ಟೇಟಸ್ ಇಡ್ತಾಳೆ. "ನನಗ ಬೇಕ್ರಿ" ಅಂತ ಉತ್ತರ ಬಂದ್ರೆ ಅವರ ಹೆಸರು ಬರೆದು ತೆಗೆದಿಡ್ತಾಳೆ. ಹಾಲಿನ ಗಾಡಿಯವನ ಕೈಯಲ್ಲಿ ಪುಸ್ತಕ ಪಕ್ಕದ ಹಳ್ಳಿಗೆ ಹೋಗುತ್ತೆ. ನಮ್ಮ ಭಾಗದಲ್ಲಿ ಎಷ್ಟೋ ಮನೆಯಲ್ಲಿ ಮಾತು ಮರಾಠಿ, ಶಾಲೆ ಕನ್ನಡ ಇಲ್ಲಾ ಮರಾಠಿ. ಅದಕ್ಕೇ ಕಥೆಗಳನ್ನು ಮಕ್ಕಳ ದನಿಯಲ್ಲೇ ಎರಡೂ ಭಾಷೆಯಲ್ಲಿ ಓದಿಸಿ ವಾಯ್ಸ್ ಮೆಸೇಜ್ ಹಾಕ್ತಾಳೆ. ತಮ್ಮ ಮಗಳ ದನಿ ಫೋನಿನಿಂದ ಬರೋದನ್ನು ಕೇಳೋಕೆ ಅಕ್ಷರ ಬಾರದ ತಾಯಂದಿರೂ ಆ ಗ್ರೂಪಿನಲ್ಲಿ ಇದ್ದಾರೆ.

ನನ್ನನ್ನೂ ಸೇರಿಸಿಕೊಂಡಳು. ಏಪ್ರಿಲ್ ಬಂತು. ಜಯಂತಿ ತಯಾರಿ. ನಾನು ನೂರು ಗ್ರೂಪಿನಲ್ಲಿ ಇರುವವಳು, ನಿಮಗೇ ಗೊತ್ತು. ಎಲ್ಲಿಂದಲೋ ಒಂದು ಚೆಂದದ ಪೋಸ್ಟರ್ ಬಂತು. ಬಾಬಾಸಾಹೇಬರ ಫೋಟೋ, ನೀಲಿ ಹಿನ್ನೆಲೆ, ಓದಿನ ಬಗ್ಗೆ ಅವರು ಹೇಳಿದ್ದು ಅಂತ ಎರಡು ಸಾಲು. ಮೈ ಜುಮ್ಮೆಂದಿತು. ಕಣ್ಣು ಮುಚ್ಚಿ ಮುಂದಕ್ಕೆ ಕಳಿಸಿದೆ. ಅಷ್ಟೇ ಅಲ್ಲ, ಕೇರಿಯ ಕಮಿಟಿಗೂ ಹೇಳಿ ಅದನ್ನೇ ಫ್ಲೆಕ್ಸಿಗೆ ಹಾಕಿಸೋದು, ಆಮೇಲೆ ಸಮುದಾಯ ಭವನದ ಗೋಡೆ ಮೇಲೆ ಪೇಂಟ್ ಮಾಡಿಸೋದು ಅಂತ ಗಟ್ಟಿ ಮಾಡಿದೆ.

ರಾತ್ರಿ ತಂಗಿಯ ಮೆಸೇಜ್ ಬಂತು. ಗ್ರೂಪಿನಲ್ಲಿ ಅಲ್ಲ, ನನಗೊಬ್ಬಳಿಗೇ.

"ಅಕ್ಕಾರ, ಇದು ಯಾವ ಸಂಪುಟ, ಯಾವ ಪುಟರಿ? ಚೀಟಿ ಮ್ಯಾಲೆ ಬರದು ಪುಸ್ತಕದ ಬಾಜೂಕ ಹಚ್ಚತೇನಿ."

ನನ್ನ ಪರೀಕ್ಷೆ ಮಾಡಬೇಕು ಅಂತ ಕೇಳಿದ್ದಲ್ಲ ಅದು. ನಿಜವಾಗಿಯೂ ಚೀಟಿ ಹಚ್ಚೋಕೇ ಕೇಳಿದ್ದಳು. ಪುಟ ಗೊತ್ತಿರುತ್ತೆ ಅಂತ ನನ್ನನ್ನು ನಂಬಿದ್ದಳು. ಅದೇ ಹೆಚ್ಚು ನೋವು ಮಾಡಿತು. ಇಪ್ಪತ್ತು ವರ್ಷದಿಂದ ವೇದಿಕೆ ಮೇಲೆ ಮಾತಾಡ್ತೀನಿ, ಕೈಯಲ್ಲಿ ಪುಟ ಇರಲಿಲ್ಲ.

ಎರಡು ರಾತ್ರಿ ಹುಡುಕಿದೆ. ಇಲ್ಲಿ ನಿಮಗೆ ಉಪಯೋಗ ಆಗೋ ಒಂದಿಷ್ಟು ವಿಷಯ ಇದೆ, ಗಮನ ಕೊಡಿ.

ಬಾಬಾಸಾಹೇಬರ ಬರಹ ಮತ್ತು ಭಾಷಣಗಳ ಇಂಗ್ಲಿಷ್ ಸಂಪುಟಗಳನ್ನು ಮಹಾರಾಷ್ಟ್ರ ಸರ್ಕಾರ 1979ರಿಂದ ತರುತ್ತಾ ಬಂತು, ವಸಂತ ಮೂನ್ ಅವರ ಸಂಪಾದಕತ್ವದಲ್ಲಿ. ಭಾರತ ಸರ್ಕಾರದ ವಿದೇಶಾಂಗ ಸಚಿವಾಲಯದ ಜಾಲತಾಣದಲ್ಲೇ ಅವುಗಳ ಪಿಡಿಎಫ್ ಇವೆ, ಪುಕ್ಕಟೆ. ಪದ ಹಾಕಿ ಹುಡುಕಬಹುದು. ನಾನು ಹುಡುಕಿದೆ, ಸಿಗಲಿಲ್ಲ. ಕನ್ನಡ ಅನುವಾದದಲ್ಲಿ ಇರಬಹುದು ಅಂತ ಅಲ್ಲಿಗೆ ಹೋದೆ. ನನ್ನ ಕೈಗೆ ಸಿಕ್ಕ ಪಿಡಿಎಫ್‌ಗಳಲ್ಲಿ ಪದ ಹಾಕಿದ್ರೆ ಏನೂ ಬರಲಿಲ್ಲ. ಕಣ್ಣಿಗೆ ಕಾಣುವ ಪದವನ್ನೇ ಹಾಕಿದ್ರೂ ಇಲ್ಲ ಅಂತು!

ಯಾಕೆ ಅಂತ ತಂಗಿಗೆ ಕೇಳಿದೆ. ಆಕೆ ಹೇಳಿದಳು, "ಕೆಲವು ಬರೇ ಫೋಟೋರಿ ಅಕ್ಕಾರ, ಫೋನಿಗೆ ಅದು ಅಕ್ಷರ ಅಂತ ಗೊತ್ತ ಆಗೂದಿಲ್ಲ. ಇನ್ನ ಕೆಲವು ಅಕ್ಷರನ ಅದಾವು, ಖರೆ ಹುಡುಕಿದ್ರ ಸಿಗೂದಿಲ್ಲ. ಅದ್ಯಾಕಂತ ನನಗೂ ಗೊತ್ತಿಲ್ರಿ."

ಆ ಎರಡನೇದು ನನಗೆ ಗೊತ್ತಿತ್ತು! ಆಫೀಸಿನಲ್ಲಿ ವರ್ಷಗಟ್ಟಲೆ ನುಡಿಯಲ್ಲಿ ಟೈಪ್ ಮಾಡಿದವಳು ನಾನು. ಹಳೇ ನುಡಿ ಫಾಂಟಿನಲ್ಲಿ ಪರದೆ ಮೇಲೆ ಕನ್ನಡ ಕಾಣುತ್ತೆ, ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳ ಸಂಖ್ಯೆ. ಫಾಂಟ್ ಬದಲಿಸಿದ್ರೆ ಗೊಚ್ಚೆ. ನಮ್ಮ ಮೊಬೈಲ್ ಕನ್ನಡ ಯೂನಿಕೋಡ್. ಒಂದರ ಅಕ್ಷರ ಇನ್ನೊಂದಕ್ಕೆ ಗೊತ್ತಾಗಲ್ಲ. ಪರಿವರ್ತಕ ಹಾಕಿ ಯೂನಿಕೋಡಿಗೆ ತಂದ್ರೆ ಮಾತ್ರ ಸಿಗುತ್ತೆ. ಇದನ್ನು ನಾನು ಆಕೆಗೆ ಕಲಿಸಿದೆ. ಫೋಟೋದಂಥ ಪುಟವನ್ನು ಗೂಗಲ್ ಲೆನ್ಸ್‌ನಿಂದ ಓದಿಸಿ ಅಕ್ಷರ ಮಾಡೋದನ್ನು ಆಕೆ ನನಗೆ ಕಲಿಸಿದಳು. ಲೆನ್ಸ್ ಒತ್ತಕ್ಷರದಲ್ಲಿ ಎಡವುತ್ತೆ, ಮೂಲದ ಜೊತೆ ಇಟ್ಟು ಓದಲೇಬೇಕು.

ಇಷ್ಟೆಲ್ಲ ಆಗಿಯೂ ಆ ಎರಡು ಸಾಲು ಸಿಗಲಿಲ್ಲ. ಸಿಗಲಿಲ್ಲ ಅಂದ್ರೆ ಅವರು ಹೇಳೇ ಇಲ್ಲ ಅಂತ ಅಲ್ಲ. ಆದರೆ ಪುಟ ತೋರಿಸುವವರೆಗೆ ಅದನ್ನು ಗೋಡೆ ಮೇಲೆ ಬರೆಯೋ ಹಕ್ಕು ನಮಗಿಲ್ಲ.

ಕಮಿಟಿಯಲ್ಲಿ ಹೇಳಿದೆ. ಜಗಳ ಆಯ್ತು. "ಫ್ಲೆಕ್ಸಿಗೆ ರೊಕ್ಕ ಕೊಟ್ಟೇವಿ", "ಮಾತು ಒಳ್ಳೇದ ಐತಲ್ಲ, ಅವರ ಅಂದಿದ್ರೇನು, ಬ್ಯಾರೆಯವರು ಅಂದಿದ್ರೇನು?" ನಮ್ಮ ಹುಡುಗನೊಬ್ಬ ನೇರವಾಗಿಯೇ ಕೇಳಿದ, "ಅಕ್ಕಾ, ನೀ ನಮ್ಮ ಕಡೆ ಇದ್ದಿಯೋ, ಆ ಲೈಬ್ರರಿ ಕಡೆ ಇದ್ದಿಯೋ?"

ನಾನು ಹೇಳಿದ್ದು ಇಷ್ಟು. ಇವತ್ತು ನಾವು ಒಳ್ಳೇ ಮಾತು ಅಂತ ಅವರ ಬಾಯಿಗೆ ಇಲ್ಲದ್ದನ್ನು ಹಾಕಿದ್ರೆ, ನಾಳೆ ಅವರ ದ್ವೇಷಿಗಳು ಕೆಟ್ಟ ಮಾತು ಹಾಕ್ತಾರೆ. ಹಾಕ್ತಾನೇ ಇದಾರೆ. ಆಗ "ಪುಟ ತೋರಿಸು" ಅಂತ ಕೇಳೋಕೆ ನಮಗೆ ಬಾಯಿ ಇರಲ್ಲ. ಆ ಮನುಷ್ಯ ಪುಸ್ತಕ ಇಡೋಕೆ ಅಂತ ದಾದರಿನಲ್ಲಿ ರಾಜಗೃಹ ಕಟ್ಟಿಸಿದವರು. 1946ರಲ್ಲಿ 'ಶೂದ್ರರು ಯಾರು' ಅನ್ನೋ ಪ್ರಶ್ನೆ ಇಟ್ಟು ಪುಸ್ತಕ ಬರೆದಾಗ ವೇದ, ಮಹಾಭಾರತ, ಸ್ಮೃತಿಗಳಿಂದ ಸಾಲು ಸಾಲಾಗಿ ಆಧಾರ ಕೊಟ್ಟು, ಇಗೋ ನಿಮ್ಮ ಗ್ರಂಥದಲ್ಲೇ ಇದೆ ಅಂತ ತೋರಿಸಿದವರು. ಆಧಾರ ಕೇಳೋದು ಅವರ ಹಾದಿ. ಫಾರ್ವರ್ಡ್ ಮಾಡೋದು ನಮ್ಮ ಚಟ.

ಕೊನೆಗೆ ಫ್ಲೆಕ್ಸಿನಲ್ಲಿ ಆ ಸಾಲಿನ ಜಾಗಕ್ಕೆ ನಮ್ಮ ಜಿಲ್ಲೆಯ ಎರಡು ವರ್ಷ ಬಂದವು. 1925, ನಿಪ್ಪಾಣಿ. 1929, ಬೆಳಗಾವಿ. ಎರಡೂ ಸಲ ಬಾಬಾಸಾಹೇಬರು ಬಹಿಷ್ಕೃತ ಸಮುದಾಯಗಳ ಸಮ್ಮೇಳನಕ್ಕೆ ಇಲ್ಲಿಗೆ ಬಂದಿದ್ದರು. ಮೆರವಣಿಗೆಯಲ್ಲಿ ಜನ ಅದರ ಮುಂದೆ ನಿಂತು "ಹೌದಾ, ನಮ್ಮ ಬೆಳಗಾವಿಗೆ?" ಅಂತ ಕೇಳ್ತಾ ಇದ್ದರು. ಸಿಟ್ಟಾಗಿದ್ದ ಆ ಹುಡುಗನೇ ಎಲ್ಲರಿಗೂ ವಿವರಿಸ್ತಾ ಇದ್ದ.

ಈಗ ಅರ್ಧ ಸತ್ಯದ ಮಾತು.

ತಂಗಿ ಗ್ರೂಪ್ ಮಾಡಿದ್ದು ಸದಸ್ಯರ ರಜಿಸ್ಟರ್ ನೋಡಿ. ಇನ್ನೂರರ ಮೇಲೆ ನಂಬರು. ಒಂದು ದಿನ ಆಕೆ ತಾನೇ ಎಣಿಸಿ ನೋಡಿದಾಳೆ. ನಮ್ಮ ಕೇರಿಯದು ಒಂಬತ್ತು. ಆಕೆ ನಮ್ಮವಳಲ್ಲ. ಆದರೂ ಎಣಿಸಿದಳು. ನಾನು ಹೋರಾಟದವಳು, ಅದೇ ಗ್ರೂಪಿನಲ್ಲಿ ಇದ್ದೂ ಎಣಿಸಿರಲಿಲ್ಲ. ಯಾರೂ ಯಾರನ್ನೂ ಹೊರಗೆ ಇಟ್ಟಿರಲಿಲ್ಲ. ಹಳೇ ರಜಿಸ್ಟರಿನಲ್ಲಿ ಯಾರಿರಲಿಲ್ಲವೋ ಅವರು ಹೊಸ ಫೋನಿನಲ್ಲೂ ಇರಲಿಲ್ಲ, ಅಷ್ಟೇ. ನನ್ನ ಅಪ್ಪನ ಸಹಿ ಇಲ್ಲದ ಗೆರೆ ಹೀಗೆ ಮೂವತ್ತು ವರ್ಷ ನಡ್ಕೊಂಡು ವಾಟ್ಸಾಪಿನೊಳಗೆ ಬಂದಿತ್ತು.

ತಂಗಿ ರಜಿಸ್ಟರ್ ಬಗಲಿಗೆ ಇಟ್ಕೊಂಡು ಕೇರಿಗೆ ಬಂದಳು. ಮನೆಗೆ ಒಂದೇ ಫೋನು. ಅದು ಗಂಡಸಿನ ಕೈಯಲ್ಲಿ. ಆತ ಬೆಳಗ್ಗೆ ಬೆಳಗಾವಿ ಉದ್ಯಮಬಾಗಿನ ಫೌಂಡ್ರಿಗೆ ಹೋದ್ರೆ ಬರೋದು ರಾತ್ರಿ. ಕೆಲವರು ಗೋವಾದಲ್ಲೇ ಇರ್ತಾರೆ. ಮಕ್ಕಳ ಕೈಗೆ ಫೋನ್ ಸಿಗೋದು ರಾತ್ರಿ ಒಂಬತ್ತಕ್ಕೆ. ಅದಕ್ಕೇ ಆಕೆ ಮಕ್ಕಳ ಕಥೆ ಹಾಕೋ ಹೊತ್ತನ್ನು ಬೆಳಗ್ಗೆಯಿಂದ ರಾತ್ರಿ ಒಂಬತ್ತೂಕಾಲಿಗೆ ಬದಲಿಸಿದಳು. ಫೋನೇ ಇಲ್ಲದ ಮಕ್ಕಳ ಹೆಸರು ಬೇರೆ ಬರ್ಕೊಂಡಳು. ಶನಿವಾರ ಅವರು ಲೈಬ್ರರಿಗೆ ಬಂದು ಆಕೆಯ ಫೋನಿನಲ್ಲೇ ಕೇಳ್ತಾರೆ, ಆಕೆಯ ಸ್ವಂತ ಡಾಟಾದಲ್ಲಿ. ಕಣಕುಂಬಿ, ಹೆಮ್ಮಡಗಾ ಕಡೆ ಕಾಡಿನೊಳಗಿನ ಹಳ್ಳಿಗಳಲ್ಲಿ ನೆಟ್‌ವರ್ಕಿನ ಕಥೆ ನಿಮಗೆ ಗೊತ್ತೇ ಇದೆ. ಕೊರೋನಾ ಕಾಲದಲ್ಲಿ ಮಕ್ಕಳು ಕ್ಲಾಸಿಗೆ ಅಂತ ಗುಡ್ಡ ಹತ್ತಿದ ಸೀಮೆ ಇದು. ಆ ಕಡೆ ಹೋಗುವವರ ಮೆಮರಿ ಕಾರ್ಡಿಗೆ ಕಥೆಗಳನ್ನು ತುಂಬಿ ಕಳಿಸ್ತಾಳೆ.

ತಂತ್ರಜ್ಞಾನ ಅಂದ್ರೆ ನನಗೆ ಈಗ ಇದು. ಆ್ಯಪ್ ಎಲ್ಲರ ಹತ್ತಿರ ಇರುತ್ತೆ. ಯಾರು ಬರಲಿಲ್ಲ ಅಂತ ಎಣಿಸೋ ಮನುಷ್ಯ ಇದ್ರೆ ಮಾತ್ರ ಅದು ಲೈಬ್ರರಿ. ಓದುಗರ ಸಮಯ ಉಳಿಸೋದು ಗ್ರಂಥಪಾಲಕರ ಕೆಲಸ ಅಂತ ರಂಗನಾಥನ್ ಅವರು 1931ರಲ್ಲೇ ತಮ್ಮ ಪಂಚಸೂತ್ರಗಳಲ್ಲಿ ಸೇರಿಸಿದ್ದರು. ರಾತ್ರಿ ಒಂಬತ್ತೂಕಾಲು ಅನ್ನೋದು ಅದಕ್ಕೆ ನಮ್ಮ ಖಾನಾಪುರದ ಅರ್ಥ.

ಇನ್ನೊಂದು ಘಟನೆ. ಏಪ್ರಿಲ್ 14ರಂದು ತಂಗಿ ಗ್ರೂಪಿನಲ್ಲಿ ಅಂಬೇಡ್ಕರ್ ಸಂಪುಟದ ಮುಖಪುಟ ಹಾಕಿದಳು, ಲೈಬ್ರರಿಯಲ್ಲಿದೆ, ಬಂದು ಓದ್ರಿ ಅಂತ. ಒಬ್ಬರು ಬರೆದರು, "ಲೈಬ್ರರಿ ಗ್ರೂಪಿನ್ಯಾಗ ಜಾತಿ ತರಬ್ಯಾಡ್ರಿ." ದಿನಾ ಬೆಳಗ್ಗೆ ಅದೇ ಗ್ರೂಪಿನಲ್ಲಿ ದೇವರ ಫೋಟೋ, ಶುಭೋದಯ, ಹಬ್ಬದ ಶುಭಾಶಯ ಬೀಳ್ತಾನೇ ಇತ್ತು. ಆಗ ಯಾರಿಗೂ ಏನೂ ಕಂಡಿರಲಿಲ್ಲ. ನಾನು ಉತ್ತರ ಬರೆಯೋಕೆ ಕೂತೆ. ನನ್ನ ಉತ್ತರ ಹೇಗಿರುತ್ತೆ ಅಂತ ನಿಮಗೆ ಗೊತ್ತು. ಅಷ್ಟರಲ್ಲಿ ತಂಗಿ ಒಂದು ನಿಯಮ ಹಾಕಿದಳು: ಇನ್ನು ಮೇಲೆ ಈ ಗ್ರೂಪಿನಲ್ಲಿ ಪುಸ್ತಕ, ಪರೀಕ್ಷೆ, ಉದ್ಯೋಗ, ಸ್ಕಾಲರ್‌ಶಿಪ್ ಇಷ್ಟೇ. ಯಾರದೇ ಮಾತು ಹಾಕಿದ್ರೂ ಪುಸ್ತಕದ ಹೆಸರು, ಪುಟ ಬೇಕು. ಶುಭೋದಯ ಬೇಡ. ಇಬ್ಬರು ಗ್ರೂಪ್ ಬಿಟ್ಟರು. ಯಾರೋ ಮೇಲಿನವರಿಗೆ ಬಾಯಿಮಾತಿನ ದೂರು ಕೊಟ್ಟರು. ಆಕೆಯನ್ನು ಕರೆಸಿ ಕೇಳಿದರು.

ನಾನು ಕುದ್ದು ಹೋದೆ. "ನಾವು ನಲವತ್ತು ಮಂದಿ ಬಂದು ಮನವಿ ಕೊಡ್ತೀವಿ, ನೀ ಹೆದರಬೇಡ" ಅಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು:

"ಮನವಿ ಬ್ಯಾಡ್ರಿ ಅಕ್ಕಾರ. ಆ ನಲವತ್ತು ಮಂದಿ ಬಂದು ಸದಸ್ಯರಾಗ್ರಿ. ಪುಸ್ತಕ ಒಯ್ರಿ, ಓದ್ರಿ, ತಿರುಗಿ ತಂದ್ ಕೊಡ್ರಿ. ರಜಿಸ್ಟರ್‌ನ್ಯಾಗ ಹೆಸರು ಇದ್ರ ನಾ ಅದನ್ನ ತೋರಿಸ್ತೇನಿ. ಮಂದಿ ಓದಾಕತ್ತಾರ ಅಂದ್ರ ಯಾರೂ ಏನೂ ಅನ್ನಂಗಿಲ್ಲ."

ಇಷ್ಟು ವರ್ಷದ ಹೋರಾಟದಲ್ಲಿ ಎಷ್ಟೋ ಮನವಿ ಕೊಟ್ಟೀನಿ. ಮನವಿಯ ಸ್ವೀಕೃತಿಗೆ ಠಸ್ಸೆ ಹೊಡೆಸಿಕೊಂಡು ಫೋಟೋ ಹಾಕೀನಿ. ಆದರೆ ಲೈಬ್ರರಿಗೆ ಹೋಗಿ ಪುಸ್ತಕ ತಗೊಳ್ಳೋದು ಹೋರಾಟ ಅಂತ ಹೊಳೆದಿರಲಿಲ್ಲ. ಒಂದು ಮಾತು ನೆನಪಿಡಿ. 1965ರ ಗ್ರಂಥಾಲಯ ಕಾಯ್ದೆ ಬಂದ ಮೇಲೆ ಮನೆ ಕರದ ಜೊತೆ ಗ್ರಂಥಾಲಯ ಕರ ಅಂತ ಕಟ್ತೀವಿ, ನೂರಕ್ಕೆ ಆರು ರೂಪಾಯಿ. ನಿಮ್ಮ ಪಾವತಿ ತೆಗೆದು ನೋಡಿ. ಬಳಸದಿದ್ದರೆ ನಷ್ಟ ನಮಗೇ.

ಆ ವಾರ ನಮ್ಮ ಕೇರಿಯಿಂದ ಇಪ್ಪತ್ತಾರು ಜನ ಸದಸ್ಯರಾದರು. ನಲವತ್ತು ಆಗಲಿಲ್ಲ, ಸುಳ್ಳು ಹೇಳಲ್ಲ. ಅದರಲ್ಲಿ ಒಬ್ಬ ನನ್ನ ಅಪ್ಪ. ಈಗ ಕಣ್ಣು ಮಂಜು, ಕೈ ನಡುಗುತ್ತೆ. ಪೇಪರಿನ ದೊಡ್ಡ ಅಕ್ಷರ ಮಾತ್ರ ಓದ್ತಾನೆ. ಬರೋಕೆ ಒಪ್ಪಲಿಲ್ಲ, ಎಳೆದುಕೊಂಡು ಹೋದೆ. ತಂಗಿ ರಜಿಸ್ಟರ್ ತಿರುಗಿಸಿ ಪೆನ್ನು ಕೊಟ್ಟಳು. ಅಪ್ಪ ಪೆನ್ನು ಹಿಡಿದು ನಿಂತ, ಬರೆಯಲಿಲ್ಲ.

"ಜಾಮೀನು ಯಾರದು ಹಾಕೂದು ಬಾಯಿ?" ಅಂತ ಕೇಳಿದ.

ಮೂವತ್ತು ವರ್ಷದ ಮೇಲೆ ಆಗಿತ್ತು. ಮರೆತಿದಾನೆ ಅಂದುಕೊಂಡಿದ್ದೆ ನಾನು.

"ಜಾಮೀನು ಬ್ಯಾಡ್ರಿ ಕಾಕಾ, ನಿಮ್ಮ ಸಹೀನ ಸಾಕು" ಅಂದಳು ತಂಗಿ. ಅಪ್ಪ ಸಹಿ ಮಾಡಿದ. ಹೊರಗೆ ಬಂದ ಮೇಲೆ ನನಗೆ ಏನೂ ಹೇಳಲಿಲ್ಲ. ದಾರಿಯಲ್ಲಿ ಸಿಕ್ಕ ತನ್ನ ಗೆಳೆಯನಿಗೆ ಮಾತ್ರ ಹೇಳಿದ, "ಲೈಬ್ರರಿಗಿ ಹೋಗಿದ್ದೆ."

ಗೆಳೆಯರೇ, ಕೊನೆಗೆ ನಾಲ್ಕು ಮಾತು.

1. ನಿಮ್ಮ ಊರಿನ ಲೈಬ್ರರಿಗೆ ಈ ವಾರ ಹೋಗ್ರಿ. ಸದಸ್ಯರಾಗ್ರಿ. ಅಲ್ಲಿ ವಾಟ್ಸಾಪ್ ಗ್ರೂಪ್ ಇದ್ರೆ ನಮ್ಮ ಕೇರಿಯ ನಂಬರ್ ಎಷ್ಟು ಅಂತ ಎಣಿಸ್ರಿ. ಕಡಿಮೆ ಇದ್ರೆ ಜಗಳ ಮಾಡಬೇಡಿ, ನಂಬರ್ ಕೊಡ್ರಿ.

2. ಬಾಬಾಸಾಹೇಬರ ಮಾತು ಅಂತ ಬಂದ್ರೆ ಸಂಪುಟ, ಪುಟ ಕೇಳ್ರಿ. ನನಗೂ ಕೇಳ್ರಿ. ಸಿಗದಿದ್ರೆ ಕಳಿಸಬೇಡಿ.

3. ನಮ್ಮ ಕರಪತ್ರ, ಮನವಿ, ಹಳೇ ವರದಿಗಳನ್ನು ಬರೀ ಫೋಟೋ ತೆಗೆದು ಹಾಕಬೇಡಿ. ಯೂನಿಕೋಡಿನಲ್ಲಿ ಟೈಪ್ ಮಾಡಿ ಅಕ್ಷರವಾಗಿ ಹಾಕಿ. ಹತ್ತು ವರ್ಷದ ಮೇಲೆ ಹುಡುಕುವವರಿಗೆ ಸಿಗಬೇಕು. ಕಣ್ಣು ಕಾಣದ ನಮ್ಮ ಗೆಳೆಯರ ಫೋನು ಅದನ್ನು ಓದಿ ಹೇಳಬೇಕು. ಹಳೇ ನುಡಿ ಫೈಲ್ ಇದ್ದರೆ ನನಗೆ ಕಳಿಸಿ, ಭಾನುವಾರ ಕೂತು ಬದಲಿಸಿ ಕೊಡ್ತೀನಿ.

4. ಪಿಡಿಎಫ್ ಕೇಳುವಾಗ ಯೋಚನೆ ಮಾಡ್ರಿ. ಬಾಬಾಸಾಹೇಬರು ಬದುಕಿದ್ದಾಗ ಪ್ರಕಟವಾದ ಮೂಲ ಬರಹಗಳ ಹಕ್ಕುಸ್ವಾಮ್ಯ 2016ಕ್ಕೆ ಮುಗಿದಿದೆ, ಯಾರಾದರೂ ಹಂಚಬಹುದು. ಕನ್ನಡ ಅನುವಾದದ ಹಕ್ಕು ಅನುವಾದಕರದ್ದು, ಅದು ಬೇರೆ. ನಿನ್ನೆ ಮೊನ್ನೆ ಬಂದ ನಮ್ಮ ಹುಡುಗ ಹುಡುಗಿಯರ ಕವನ, ಆತ್ಮಕಥೆಗಳನ್ನು ಪುಕ್ಕಟೆ ಹಂಚಿದ್ರೆ ಸಾಲ ಮಾಡಿ ಅಚ್ಚು ಹಾಕಿದ ಸಣ್ಣ ಪ್ರಕಾಶಕ ಮುಳುಗ್ತಾನೆ. ತಂಗಿ ಅಂಥ ಪಿಡಿಎಫ್ ಹಾಕಲ್ಲ. ಪಂಚಾಯಿತಿಯಿಂದ ಪುಸ್ತಕ ತರಿಸ್ತಾಳೆ. ತರಿಸ್ರಿ ಅಂತ ಬರೆದು ಕೊಡೋದು ನಮ್ಮ ಕೆಲಸ.

ಅಪ್ಪ ಮೊದಲು ತಂದ ಪುಸ್ತಕ ಯಾವುದು ಅಂತ ಕೇಳ್ತೀರಿ. ಮಕ್ಕಳ ಚಿತ್ರದ ಪುಸ್ತಕ, ದೊಡ್ಡ ಅಕ್ಷರದ್ದು. ಓದಿ ಮುಗಿಸಿ, ಹೇಳಿದ ದಿನಕ್ಕಿಂತ ಎರಡು ದಿನ ಮೊದಲೇ ತಾನೇ ನಡ್ಕೊಂಡು ಹೋಗಿ ತಿರುಗಿ ಕೊಟ್ಟು ಬಂದ. ಪುಸ್ತಕ ಕಳೆಯಲಿಲ್ಲ.

ಜೈ ಭೀಮ್.